ಕಾಜಾ ಅಕ್ಕನ ಹೆಬ್ಬೆರಳು

ಟೇಲರ್ ಮಾಸ್ಟರ ಅಂಗಡಿಯಲ್ಲಿ ಕಿಟಕಿಯ ಪಕ್ಕದ ಮಣೆ ಕಾಜಾ ಅಕ್ಕನದು. ಬೆಳಕು ಎಡಗಡೆಯಿಂದ ಬೀಳದಿದ್ದರೆ ಕೈಯ ನೆರಳೇ ಹೊಲಿಗೆಯ ಮೇಲೆ ಬಿದ್ದು ಕಾಟ ಕೊಡುತ್ತದೆ ಎಂದು ಹಟ ಮಾಡಿ ಆ ಜಾಗ ಹಿಡಿದಿದ್ದಳು. ಅಂಗಿಯ ಗುಂಡಿ ತೂರಿಸಲು ಒಂದು ಸೀಳು ಬೇಕಲ್ಲ, ಅದನ್ನು ಸೀಳಿ, ಅಂಚು ಬಿಚ್ಚದ ಹಾಗೆ ಸುತ್ತಲೂ ಒತ್ತೊತ್ತಾಗಿ ಗಂಟು ಹಾಕಿ ಹೊಲಿಯುವುದೇ ಕಾಜಾ. ಅವಳಿಗೆ ಅಂಗಿ ಕತ್ತರಿಸಲು ಬಾರದು, ಮಿಷನ್ ತುಳಿಯಲು ಬಾರದು. ಬರುತ್ತಿದ್ದದ್ದು ಅದೊಂದೇ. "ತೂತು ಮಾಡ್ಕೊಂಡೇ ಬದುಕು ದಾಟಿಸಿದೋಳು ನಾನು" ಎಂದು ತಾನೇ ಹೇಳಿ ನಗಿಸುತ್ತಿದ್ದಳು. ಅಂಗಡಿಗೆ ಬರುವವರು, ಎದುರು ಬದಿಯ ಹಾಲಿನವನು, ಕೊನೆಗೆ ಅಂಚೆಯವನೂ ಅವಳನ್ನು ಕಾಜಾ ಅಕ್ಕ ಅಂದೇ ಕರೆಯುತ್ತಿದ್ದರು.

ಆವತ್ತು ಬೆಳಿಗ್ಗೆ ದಾರಕ್ಕೆ ಮೇಣ ಉಜ್ಜುತ್ತಿದ್ದಳು. ಬಲಗೈ ಹೆಬ್ಬೆರಳಿನ ಬುಡದಲ್ಲಿ ದಪ್ಪಗೆ ಮಾಂಸವಿರುತ್ತದಲ್ಲ, ಅದು ತನ್ನಷ್ಟಕ್ಕೆ ತಾನೇ ಅದುರಿತು. ಚರ್ಮದ ಅಡಿಯಲ್ಲಿ ಸಣ್ಣದೊಂದು ಮೀನು ಮಗ್ಗುಲು ಬದಲಿಸಿದ ಹಾಗೆ. ಅವಳು ಕೈ ನೋಡಿದಳು, ನಿಂತಿತು. ಕಣ್ಣು ತೆಗೆದಳು, ಮತ್ತೆ ಅದುರಿತು. ಇನ್ನೊಬ್ಬರಾಗಿದ್ದರೆ ಕೈ ಕೊಡವಿ ಸೂಜಿಗೆ ದಾರ ಪೋಣಿಸಿಕೊಳ್ಳುತ್ತಿದ್ದರು. ಕಾಜಾ ಅಕ್ಕನ ಬಾಯಿಯ ಪಸೆ ಆರಿಹೋಯಿತು.

ಯಾಕೆ ಅಂತ ತಿಳಿಯಬೇಕಾದರೆ ಅವಳ ಅಣ್ಣನ ಕತೆ ಗೊತ್ತಿರಬೇಕು.

ಮದುವೆಯಾದ ಹೊಸತರಲ್ಲೇ ಗಂಡ ತೀರಿಹೋದಾಗ ಅವಳನ್ನು ಮನೆಗೆ ಕರೆತಂದವನು ಅಣ್ಣ. ಬಸ್ ಕಂಡಕ್ಟರ್. ನೆಟ್ಟಗೆ ನಿಂತರೆ ಬಸ್ಸಿನ ಚಾವಣಿಗೆ ತಲೆ ತಾಗುತ್ತಿದ್ದ ಆಳು. "ನನ್ನ ಅನ್ನದಲ್ಲಿ ನಿನಗೊಂದು ತುತ್ತು ಹೆಚ್ಚಾಗಲ್ಲ ಪುಟ್ಟಿ" ಅಂದವನು, ಅಂದ ಹಾಗೇ ನಡೆದುಕೊಂಡ. ಅತ್ತಿಗೆಯೂ ಅಷ್ಟೇ, ನಾಲಿಗೆ ಮೆಣಸಿನಕಾಯಿ, ಕೈ ಬೆಣ್ಣೆ. ಒಂದು ದಿನ ಕೆಲಸಕ್ಕೆ ಹೊರಟ ಅಣ್ಣ ಕನ್ನಡಿಯ ಮುಂದೆ ನಿಂತು, "ಪುಟ್ಟಿ, ಈ ಕತ್ತಿನ ಗುಂಡಿ ಹೋಗ್ತಿಲ್ಲ ಕಣೇ. ಏನು ಕಾಜಾ ಹಾಕಿದ್ದೀಯೋ, ಸೂಜಿ ತೂತಿನ ಹಾಗಿದೆ" ಅಂದ. ಅವಳು ನಗುತ್ತ ಕಾಜಾವನ್ನು ಒಂದೆಳೆ ದೊಡ್ಡದು ಮಾಡಿಕೊಟ್ಟಳು. ಆಮೇಲೆ ಕೈತುದಿಯ ಗುಂಡಿ, ಆಮೇಲೆ ಎದೆಯದು. ಅವಳು ದೊಡ್ಡದು ಮಾಡುತ್ತಲೇ ಹೋದಳು. ಕೊನೆಗೆ ಹೆಬ್ಬೆರಳೇ ತೂರುವಷ್ಟು ದೊಡ್ಡ ಕಾಜಾದಲ್ಲೂ ಅವನಿಗೆ ಗುಂಡಿ ಹಾಕಲಾಗದೆ ಹೋದಾಗ ಆಸ್ಪತ್ರೆಗೆ ಹೋದರು. ನರದ ಕಾಯಿಲೆ ಅಂದರು. ಮಾಂಸಕ್ಕೆ ಅಪ್ಪಣೆ ಕೊಡುವ ನರಗಳು ಒಂದೊಂದಾಗಿ ಸಾಯುತ್ತವೆ, ಔಷಧಿ ಇದ್ದೂ ಇಲ್ಲದ ಹಾಗೆ ಅಂದರು. ಕೈ ಹೋಯಿತು, ಕಾಲು ಹೋಯಿತು, ಆಮೇಲೆ ಮಾತು. ಬುದ್ಧಿ ಮಾತ್ರ ಕೊನೆಯವರೆಗೂ ಎದ್ದು ಕುಳಿತೇ ಇತ್ತು. ಮಂಚದ ಮೇಲೆ ಮಲಗಿದ್ದವನ ತೋಳಿನಲ್ಲಿ, ತೊಡೆಯಲ್ಲಿ ಮಾಂಸ ಸುಮ್ಮಸುಮ್ಮನೆ ಅದುರುತ್ತಿತ್ತು, ನಿಂತ ನೀರಿನ ಮೇಲೆ ಗಾಳಿ ಆಡಿದ ಹಾಗೆ. ಅದನ್ನು ಅವಳು ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದ್ದಾಳೆ. ಮರೆಯುವುದು ಎಲ್ಲಿಂದ ಬಂತು?

ಅಣ್ಣ ಹೋಗಿ ಬಹಳ ವರ್ಷವಾಗಿತ್ತು. ಮನೆಯಲ್ಲಿ ಈಗ ಅವಳು, ಅತ್ತಿಗೆ, ಮತ್ತು ಅಣ್ಣನ ಮಗ. ಅವನು ಶಾಲೆ ಮಕ್ಕಳ ವ್ಯಾನು ಓಡಿಸುತ್ತಾನೆ. ಅಪ್ಪನ ಹಾಗೇ ಉದ್ದ, ಬಾಗಿಲು ದಾಟುವಾಗ ತಲೆ ಬಗ್ಗಿಸುತ್ತಾನೆ.

ಹೆಬ್ಬೆರಳು ಅದುರಿದ್ದನ್ನು ಕಾಜಾ ಅಕ್ಕ ಯಾರಿಗೂ ಹೇಳಲಿಲ್ಲ. ಅತ್ತಿಗೆಗೆ ಹೇಗೆ ಹೇಳುವುದು? ಒಂದು ಸಲ ಆ ಮಂಚದ ಪಕ್ಕ ಕೂತವಳನ್ನು ಇನ್ನೊಂದು ಸಲ ಕೂರು ಅನ್ನುವುದೇ? ಹಾಗಾಗಿ ಒಳಗೇ ಇಟ್ಟುಕೊಂಡಳು. ಒಳಗಿಟ್ಟ ಭಯ ನೆನೆಸಿಟ್ಟ ಕಾಳಿನ ಹಾಗೆ, ಬೆಳಗಾಗುವಷ್ಟರಲ್ಲಿ ಪಾತ್ರೆ ಮೀರಿರುತ್ತದೆ.

ಮೊದಲು ಎರಡೂ ಅಂಗೈ ಜೋಡಿಸಿ ಹೆಬ್ಬೆರಳಿನ ಬುಡ ಹೋಲಿಸಿ ನೋಡುತ್ತಿದ್ದಳು. ಬಲಗಡೆಯದು ಸ್ವಲ್ಪ ಚಪ್ಪಟೆಯಲ್ಲವೇ? ಬೆಳಕಿಗೆ ಹಿಡಿದರೆ ಚಪ್ಪಟೆ, ನೆರಳಿಗೆ ತಂದರೆ ಸರಿ. ಆಮೇಲೆ ಬಚ್ಚಲಿನಲ್ಲಿ ಒಂಟಿಕಾಲಲ್ಲಿ ನಿಲ್ಲುವುದು ಶುರುವಾಯಿತು. ಗೋಡೆಯ ಸಣ್ಣ ಕನ್ನಡಿಯಲ್ಲಿ ನಾಲಿಗೆ ಚಾಚಿ, ಅದು ಅದುರುತ್ತದೆಯೇ ಎಂದು ನೋಡುವುದು. ಚಾಚಿದ ನಾಲಿಗೆ ಯಾರದಾದರೂ ಅಲುಗುತ್ತದೆ, ಅದು ಅವಳಿಗೆ ಗೊತ್ತಿರಲಿಲ್ಲ. ಹೊರಗಿನಿಂದ ಅತ್ತಿಗೆ ಕೂಗುತ್ತಿದ್ದಳು, "ಏನೇ, ಒಳಗೆ ಮದುವೆಗೆ ಸಿಂಗಾರ ನಡೀತಿದ್ಯಾ? ನೀರು ಆರಿ ಹೋಯ್ತು!"

ಅಣ್ಣನ ಮಗ ಫೋನನ್ನು ಚಾರ್ಜಿಗೆ ಹಾಕಿ ಸ್ನಾನಕ್ಕೆ ಹೋದಾಗ ಅವಳು ಅದರ ಬಾಯಿಗೆ ಬಾಯಿ ಹತ್ತಿರ ತಂದು, "ಕೈ ಯಾಕೆ ಅದುರುತ್ತೆ?" ಎಂದು ಪಿಸುಗುಟ್ಟಿ ಕೇಳಿದಳು. ಓದು ಅವಳಿಗೆ ಅಷ್ಟಕ್ಕಷ್ಟೇ, ಆದರೆ ಫೋನಿಗೆ ಮಾತು ಬರುತ್ತದಲ್ಲ. ಅದು ಒಂದು ಕೇಳಿದ್ದಕ್ಕೆ ಹತ್ತು ಹೇಳಿತು. ನಿದ್ದೆ ಕಡಿಮೆಯಾದರೂ ಅದುರುತ್ತದೆ, ಚಹಾ ಹೆಚ್ಚಾದರೂ ಅದುರುತ್ತದೆ ಅಂದದ್ದು ಕಿವಿಗೆ ಬೀಳಲೇ ಇಲ್ಲ. ಕೊನೆಯಲ್ಲಿ ಹೇಳಿದ್ದು ಮಾತ್ರ ಎದೆಗೆ ಮೊಳೆಯ ಹಾಗೆ ಹೋಯಿತು. ಸಾಲದ್ದಕ್ಕೆ ಫೋನು ಅವತ್ತಿನಿಂದ ಕೇಳದಿದ್ದರೂ ನರದ ವಿಷಯವನ್ನೇ ತಂದು ತಂದು ಹಾಕತೊಡಗಿತು.

"ಯಾರು ನನ್ನ ಫೋನ್ ಮುಟ್ಟಿದ್ದು?" ಎಂದ ಹುಡುಗ ಊಟಕ್ಕೆ ಕೂತಾಗ. "ಹಾಡು ಹಾಕಿದ್ರೆ ನಡುವೆ ಒಬ್ಬ ಬಂದು ನರಕ್ಕೆ ಟಾನಿಕ್ ಕುಡೀರಿ ಅಂತಾನೆ. ನಾನೇನು ಮುದುಕನಾ?"

ಕಾಜಾ ಅಕ್ಕ ತಟ್ಟೆಯಿಂದ ತಲೆ ಎತ್ತಲಿಲ್ಲ. ಅತ್ತಿಗೆ, "ಫೋನಿಗೂ ಗೊತ್ತಾಗಿದೆ ನಿನಗೆ ನರ ಇಲ್ಲ ಅಂತ. ತಿನ್ನು ಸುಮ್ಮನೆ" ಅಂದಳು. ಮಾತು ಅಲ್ಲಿಗೆ ಮುಗಿಯಿತು.

ಅಂಗಡಿಯಲ್ಲಿ ಅವಳದೊಂದು ಪದ್ಧತಿ ಇತ್ತು. ಕಾಜಾ ಮುಗಿದ ಮೇಲೆ ಗುಂಡಿಯನ್ನು ತಾನೇ ಹಾಕಿ ತೆಗೆದು ನೋಡುವುದು. "ಗುಂಡಿ ಹೋಗುವಾಗ ಸ್ವಲ್ಪ ಗೊಣಗಬೇಕು, ಬರುವಾಗ ಇನ್ನೂ ಸ್ವಲ್ಪ ಗೊಣಗಬೇಕು. ಗೊಣಗದ ಗುಂಡಿ ಮನೇಲಿ ನಿಲ್ಲಲ್ಲ" ಎಂಬುದು ಅವಳ ಮಾತು. ಅಳತೆಗೆ ಬಳಪದ ಗೆರೆ ಎಳೆದರೂ ಕೊನೆಯ ತೀರ್ಮಾನ ಹೆಬ್ಬೆರಳಿನದು. ಈಗ ಆ ಹೆಬ್ಬೆರಳೇ ಕಟಕಟೆಯಲ್ಲಿ ನಿಂತಿತ್ತು. ಪ್ರತಿ ಗುಂಡಿಯೂ ಅವಳಿಗೆ ಒಂದೊಂದು ಪರೀಕ್ಷೆಯಾಯಿತು. ಒಂದು ಸಲ ಹಾಕಿ ತೆಗೆಯುವ ಕಡೆ ಮತ್ತೆ ಮತ್ತೆ ಹಾಕಿ ತೆಗೆದಳು. ಬಲಗೈಯಲ್ಲಿ, ಎಡಗೈಯಲ್ಲಿ, ಕಣ್ಣು ಮುಚ್ಚಿಕೊಂಡು. ಹಾಗೆ ಮಾಡಿ ಮಾಡಿ ಮಧ್ಯಾಹ್ನದ ಹೊತ್ತಿಗೆ ಬೆರಳು ನೋಯುತ್ತಿತ್ತು, ಸೋಲುತ್ತಿತ್ತು. ಸೋತ ಬೆರಳಿಗೆ ಗುಂಡಿ ಬಿಗಿ ಅನಿಸಿತು. ಬಿಗಿ ಅನಿಸಿದ ಕೂಡಲೇ ಅಣ್ಣನ ಕತ್ತಿನ ಗುಂಡಿ ನೆನಪಾಗುತ್ತಿತ್ತು. ಆಗ ಅವಳ ಕೈ ತಾನಾಗಿಯೇ ಮುಂದಿನ ಸೀಳನ್ನು ಒಂದೆಳೆ ಉದ್ದ ಮಾಡುತ್ತಿತ್ತು. ಗುಂಡಿ ಸರಾಗ ಹೋದರೆ ಒಂದು ಗಳಿಗೆ ಉಸಿರು. ಮರುದಿನ ಅದೂ ಬಿಗಿಯಾಗಿ ಕಂಡು, ಇನ್ನೊಂದೆಳೆ.

ಲೆಕ್ಕದ ಮೇಷ್ಟ್ರು ಅಂಗಡಿಗೆ ಬಂದದ್ದು ಒಂದು ಮಧ್ಯಾಹ್ನ. ಬಂದವರೇ ಕಾಗದದ ಚೀಲವನ್ನು ಮಾಸ್ಟರ ಮಿಷನ್ ಮೇಲೆ ಕುಕ್ಕಿದರು.

"ಏನ್ರೀ ಮಾಸ್ಟ್ರೇ, ಇದು ಅಂಗಿಯೋ ಕಿಟಕಿಯೋ?"

"ಯಾಕೆ ಸಾರ್, ಏನಾಯ್ತು?"

"ಬೋರ್ಡ್ ಮೇಲೆ ಲೆಕ್ಕ ಬರೆದು ಹಿಂದಕ್ಕೆ ತಿರುಗಿದೆ. ಮಕ್ಕಳು ಬಿದ್ದು ಬಿದ್ದು ನಗ್ತಿದ್ದಾರೆ. ನೋಡ್ಕೊಂಡ್ರೆ ಮೇಲಿಂದ ಕೆಳಗಿನವರೆಗೂ ಗುಂಡಿ ಎಲ್ಲಾ ಬಿಚ್ಚಿಕೊಂಡು, ನನ್ನ ಹೊಟ್ಟೆ ಹಾಜರಿ ಹೇಳ್ತಾ ಇದೆ!"

ಇಸ್ತ್ರಿ ಮಾಡುತ್ತಿದ್ದವನು ಕಿಸಕ್ಕೆಂದ. ಮಾಸ್ಟರು ಅವನನ್ನು ಕಣ್ಣಲ್ಲೇ ಗದರಿ ಅಂಗಿ ಬಿಡಿಸಿ ನೋಡಿದರು. ಗುಂಡಿ ಹಾಕಿದರು, ಎದೆಯ ಕಡೆ ಸ್ವಲ್ಪ ಎಳೆದರು. ಗುಂಡಿ ನೀರಿಗೆ ಜಾರಿದ ಕಪ್ಪೆಯ ಹಾಗೆ ಹೊರಗೆ ಬಂತು.

"ಅಕ್ಕಾ" ಅಂದರು ಮಾಸ್ಟರು. ದನಿ ಗಟ್ಟಿಯಿರಲಿಲ್ಲ. "ಇದು ಮೂರನೇ ಅಂಗಿ. ಬೇರೆ ಎರಡು ನಾನೇ ಮುಚ್ಚಿಟ್ಟೆ. ನಿಮ್ಮ ಕಾಜಾ ನೋಡಿ ಜನ ನಮ್ಮ ಅಂಗಡಿ ಹುಡುಕ್ಕೊಂಡು ಬರ್ತಾ ಇದ್ರು. ಕಣ್ಣೇನಾದ್ರೂ ಮಂಜಾಗಿದ್ಯಾ? ಹೇಳಿ, ಕನ್ನಡಕ ಮಾಡಿಸೋಣ."

"ಗುಂಡಿ ಹೋಗ್ತಿರಲಿಲ್ಲ ಮಾಸ್ಟ್ರೇ" ಅಂದಳು ಕಾಜಾ ಅಕ್ಕ. "ಬಿಗಿ ಇತ್ತು."

"ಬಿಗಿಯಾ? ಇದರಲ್ಲಿ ನಿಂಬೆಹಣ್ಣು ಹೋಗುತ್ತೆ!" ಅಂದರು ಮೇಷ್ಟ್ರು.

ಅಷ್ಟರಲ್ಲಿ ಅತ್ತಿಗೆ ಊಟದ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿದಳು. ಬೆಳಿಗ್ಗೆ ಡಬ್ಬಿ ಮರೆತು ಬಂದಿದ್ದಳು ಕಾಜಾ ಅಕ್ಕ. ಇತ್ತೀಚೆಗೆ ಮರೆಯುವುದೇ ಜಾಸ್ತಿ. ನಗುವಿನ ಸದ್ದು ಕೇಳಿ ಅತ್ತಿಗೆಯೂ ನಗುತ್ತಲೇ ಒಳಗೆ ಬಂದವಳು, "ಏನಂತೆ ಗಲಾಟೆ?" ಎಂದು ಮಿಷನ್ ಮೇಲಿದ್ದ ಅಂಗಿಯನ್ನು ಎತ್ತಿಕೊಂಡಳು. ಒಂದು ಕಾಜಾದೊಳಗೆ ಅವಳ ಹೆಬ್ಬೆರಳು ತಾನಾಗಿಯೇ ಹೋಯಿತು. ಅಲ್ಲೇ ನಿಂತಿತು. ಮುಖದ ಮೇಲಿನ ನಗು ಯಾರೋ ಒರೆಸಿದ ಹಾಗೆ ಹೋಯಿತು.

"ಪುಟ್ಟಿ, ಇದು ನಿಮ್ಮಣ್ಣನ ಕಾಜಾ."

ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾಗಬೇಕಾದವಳು ಸೂಜಿಯನ್ನು ಬಟ್ಟೆಯಲ್ಲಿ ಚುಚ್ಚಿಟ್ಟು ಎರಡೂ ಕೈಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡಳು.

"ಯಾವಾಗಿಂದ?" ಅಂದಳು ಅತ್ತಿಗೆ.

"ಚಳಿಗೆ ಮುಂಚೆಯಿಂದ."

"ಯಾವ ಕೈ?"

"ಬಲಗೈ. ಈಗೀಗ ಕಾಲೂ ಅದುರುತ್ತೆ. ಕಣ್ಣಿನ ರೆಪ್ಪೆಯೂ."

"ಮತ್ತೆ ನಾನೇನು ಗೋಡೆಯಾ ಆ ಮನೇಲಿ? ಗೋಡೆಗಾದ್ರೂ ಹೇಳ್ಕೋಬಹುದಿತ್ತಲ್ಲೇ, ಕತ್ತೆ!" ಎಂದು ಅತ್ತಿಗೆ ಬೈದಳು. ಬೈಯುತ್ತಲೇ ಡಬ್ಬಿ ಕೆಳಗಿಟ್ಟು ಅವಳ ಪಕ್ಕ ನೆಲದ ಮೇಲೆ ಕುಕ್ಕರಿಸಿದಳು. ಲೆಕ್ಕದ ಮೇಷ್ಟ್ರಿಗೆ ಏನೂ ತಿಳಿಯದಿದ್ದರೂ ಏನೋ ತಿಳಿಯಿತು. "ಇರಲಿ ಬಿಡಿ, ನಾನು ಒಳಗೊಂದು ಬನಿಯನ್ ಹಾಕ್ಕೋತೀನಿ" ಎಂದು ಅಂಗಿಯನ್ನು ಮಡಚಿಕೊಂಡು ಹೊರಟೇಬಿಟ್ಟರು.

ನರದ ಡಾಕ್ಟರಮ್ಮನ ಕೋಣೆಯಲ್ಲಿ ಎತ್ತರದ ಮಂಚ, ಗೋಡೆಗೆ ಮನುಷ್ಯನ ಮೈಯೊಳಗಿನ ನರಗಳ ಚಿತ್ರ, ಬೇರು ಸಮೇತ ಕಿತ್ತ ಗಿಡದ ಹಾಗೆ. ಕಾಜಾ ಅಕ್ಕ ಆ ಕಡೆ ನೋಡಲಿಲ್ಲ. ಡಾಕ್ಟರಮ್ಮ ಅಣ್ಣನ ಕತೆಯನ್ನು ಪೂರ್ತಿ ಕೇಳಿದಳು, ಮನೆತನದಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು ಕೇಳಿದಳು. ಯಾರಿಗೂ ಇರಲಿಲ್ಲ. ಹಿಮ್ಮಡಿಯ ಮೇಲೆ ನಡೆಸಿದಳು, ತುದಿಗಾಲಲ್ಲಿ ನಡೆಸಿದಳು. ಮೊಣಕಾಲಿಗೆ ಸಣ್ಣ ಸುತ್ತಿಗೆಯಲ್ಲಿ ಹೊಡೆದಳು. "ನನ್ನ ಬೆರಳು ಹಿಂಡಿ, ಜೋರಾಗಿ" ಅಂದಳು. ಕಾಜಾ ಅಕ್ಕ ಹಿಂಡಿದಳು.

"ಅಯ್ಯೋ, ಬಿಡಿ ಬಿಡಿ! ಇನ್ನೊಬ್ಬ ಪೇಶೆಂಟನ್ನ ನೋಡೋದು ಬೇಡ್ವಾ ನಾನು?"

ಆಮೇಲೆ ಮಾಂಸಕ್ಕೆ ಸೂಜಿ ಚುಚ್ಚಿ ಯಂತ್ರದಲ್ಲಿ ನರದ ಸದ್ದು ಕೇಳುವ ಪರೀಕ್ಷೆ. ಸೂಜಿ ನೋಡಿ ಅತ್ತಿಗೆ, "ಜೀವಮಾನವೆಲ್ಲ ಬಟ್ಟೆಗೆ ಚುಚ್ಚಿದ್ಯಲ್ಲ, ಬಟ್ಟೆ ಈಗ ಸೇಡು ತೀರಿಸ್ಕೊಳ್ತಿದೆ" ಎಂದು ಪಿಸುಗುಟ್ಟಿದಳು.

ಡಾಕ್ಟರಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕುಳಿತಳು.

"ನಿಮ್ಮಣ್ಣನಿಗೆ ಬಂದದ್ದು ನಿಮಗೆ ಬಂದಿಲ್ಲಮ್ಮ. ನೀವು ಹೇಳೋದು ನೋಡಿದ್ರೆ ಅದು ಮನೆತನದಲ್ಲಿ ಇಳಿದು ಬಂದದ್ದೂ ಅಲ್ಲ. ಶಕ್ತಿ ಸರಿ ಇದೆ, ಮಾಂಸ ಸರಿ ಇದೆ, ಪರೀಕ್ಷೆಯೂ ಸರಿ ಇದೆ. ಅದುರೋದು ನಿಜ, ನೀವೇನೂ ಸುಳ್ಳು ಹೇಳ್ತಿಲ್ಲ. ಆದರೆ ಅದು ದಣಿವಿಗೂ ಅದುರುತ್ತೆ, ಭಯಕ್ಕೂ ಅದುರುತ್ತೆ. ದಿನಕ್ಕೆ ಎಷ್ಟು ಸಲ ನೋಡ್ಕೋತೀರಿ?"

ಕಾಜಾ ಅಕ್ಕನಿಗೆ ನಾಚಿಕೆಯಾಯಿತು. "ನೋಡ್ಕೊಳ್ಳದೆ ಇರೋ ಹೊತ್ತು ಕೇಳಿ, ಅದು ಹೇಳೋದು ಸುಲಭ."

"ಗಾಯದ ಹಕ್ಕಳೆ ದಿನಾ ಕಿತ್ತು ನೋಡಿದ್ರೆ ಅದು ಮಾಯೋದು ಯಾವಾಗ? ಪರೀಕ್ಷೆ ಮಾಡೋದು ನನ್ನ ಕೆಲಸ. ಅದನ್ನ ನನಗೆ ಬಿಟ್ಟುಬಿಡಿ. ನೋಡ್ಕೋಬೇಕು ಅನಿಸಿದಾಗ ಸ್ವಲ್ಪ ಹೊತ್ತು ತಡೀರಿ. ತಡೆದಾಗ ಭಯ ಏರುತ್ತೆ, ಆಮೇಲೆ ತಾನೇ ಇಳಿಯುತ್ತೆ. ಇಂಥ ಭಯಕ್ಕೇ ಅಂತ ಮಾತಾಡಿಸೋರು ಇದ್ದಾರೆ ಇಲ್ಲಿ, ಕೆಳಗಿನ ಮಹಡೀಲಿ. ವಾರಕ್ಕೊಮ್ಮೆ ಬನ್ನಿ."

"ನನಗೆ ಹುಚ್ಚಾ ಹಾಗಾದ್ರೆ?"

"ಕಣ್ಣೆದುರಿಗೆ ಅಣ್ಣ ಹಾಗೆ ಹೋದ್ರೆ ಹೆದರದೆ ಇರೋರಿಗೆ ಹುಚ್ಚು" ಅಂದಳು ಡಾಕ್ಟರಮ್ಮ.

ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಕಾಜಾ ಅಕ್ಕನಿಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಎಷ್ಟೋ ದಿನದ ಮೇಲೆ ಹಸಿವು ಅನ್ನುವುದು ಹೊಟ್ಟೆಯಲ್ಲಿ ಎದ್ದು ಕೂತಿತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಅತ್ತಿಗೆ ಕೊಟ್ಟ ಬಾಳೆಹಣ್ಣು ತಿಂದಳು. ಇನ್ನೊಂದು ಕೇಳಿ ತಿಂದಳು. ಮೂರನೆಯ ನಿಲ್ದಾಣ ದಾಟುವಷ್ಟರಲ್ಲಿ ಅವಳ ಅಗಿಯುವುದು ನಿಧಾನವಾಯಿತು.

"ಅತ್ತಿಗೆ."

"ಏನು?"

"ಸೂಜಿ ಹಾಕಿದ್ದು ಬಲಗೈಗೆ, ಬಲಗಾಲಿಗೆ. ಎಡಗೈಗೆ ಹಾಕಲೇ ಇಲ್ಲ ಅಲ್ವಾ?"

ಕಾಜಾ ಅಕ್ಕ ಬಾಳೆಹಣ್ಣಿನ ಸಿಪ್ಪೆ ಹಿಡಿದುಕೊಂಡೇ ಎಡಗೈಯನ್ನು ನೋಡತೊಡಗಿದಳು. ಅದು ಅದುರಲು ಶುರುಮಾಡಿತು. ಮಾಡದೇ ಏನು?

ಮನೆ ಸೇರಿ ಚಪ್ಪಲಿ ಬಿಟ್ಟ ಕೂಡಲೇ ಅತ್ತಿಗೆಯ ಕಟ್ಟೆ ಒಡೆಯಿತು. "ಆ ತಾಯಿ ಅಷ್ಟು ಹೊತ್ತು ಕೂತು ಬಿಡಿಸಿ ಹೇಳಿದಳು. ಬಾಳೆಹಣ್ಣು ಜೀರ್ಣ ಆಗೋದ್ರೊಳಗೆ ಇನ್ನೊಂದು ಕೈ ಹುಡುಕ್ಕೊಂಡ್ಯಾ? ನಾಳೆ ಏನು, ಕಿವಿಯಾ?"

"ನಿಮಗೇನು ಗೊತ್ತು ಅತ್ತಿಗೆ" ಅಂದಳು ಕಾಜಾ ಅಕ್ಕ. ಹಿಂದೆಂದೂ ಅವಳು ಅತ್ತಿಗೆಗೆ ಹಾಗೆ ಎದುರಾಡಿದವಳಲ್ಲ. "ಕಣ್ಣು ಬಿಟ್ಟ ಕೂಡಲೇ ಕೈ ನೆನಪಾಗುತ್ತೆ. ಬೇಡ ಅಂದ್ಕೊಂಡ್ರೂ ನೋಡ್ತೀನಿ. ನೋಡದಿದ್ರೆ ಏನೋ ತಪ್ಪಿಸ್ಕೊಂಡು ಹೋಗುತ್ತೆ ಅನ್ಸುತ್ತೆ. ನಿಮಗೇನು ಗೊತ್ತು ಅದು?"

ಅತ್ತಿಗೆ ಒಲೆಯ ಮೇಲೆ ನೀರಿಟ್ಟಿದ್ದಳು. ಅದಕ್ಕೆ ಬೆನ್ನು ಮಾಡಿ ನಿಂತಳು.

"ಮಗ ಊಟಕ್ಕೆ ಕೂತ್ರೆ ನಾನು ತಟ್ಟೆ ನೋಡ್ತೀನಿ ಅಂದ್ಕೊಂಡಿದ್ದೀಯಾ? ಬೆರಳು ನೋಡ್ತೀನಿ. ತುತ್ತು ಕಲಸುವಾಗ ಹೆಬ್ಬೆರಳು ಮಡಚುತ್ತಾ ಇಲ್ವಾ ಅಂತ. ಬೆಳಿಗ್ಗೆ ಅವನು ಶರ್ಟಿನ ಗುಂಡಿ ಹಾಕ್ಕೊಳ್ಳುವಾಗ ಬಾಗಿಲ ಹಿಂದೆ ನಿಂತಿರ್ತೀನಿ. ನಾನೂ ಕದ್ದು ಅವನ ಫೋನನ್ನ ಕೇಳಿದ್ದೆ. ಟಾನಿಕ್ಕಿನವನು ಬಂದನಲ್ಲ, ಅವನನ್ನ ನಾನೇ ಕರೆದದ್ದು ಅಂತ ಇಷ್ಟು ದಿನ ಅಂದ್ಕೊಂಡಿದ್ದೆ. ನೀನೂ ಕೇಳಿರ್ತೀಯ ಅಂತ ಈಗ ಹೊಳೀತು."

ನೀರು ಕುದಿದು ಉಕ್ಕಿತು. ಇಬ್ಬರೂ ಅದರ ಕಡೆ ಹೋಗಲಿಲ್ಲ.

"ಡಾಕ್ಟರಮ್ಮ ಹೇಳಿದ್ಲಲ್ಲ, ಮನೆತನದ್ದಲ್ಲ ಅಂತ" ಅಂದಳು ಕಾಜಾ ಅಕ್ಕ ಕೊನೆಗೆ.

"ನಿನ್ನ ಕೈಗೂ ಹೇಳಿದ್ಲು. ನಂಬಿದ್ಯಾ?"

ಆಮೇಲೆ ಒಲೆ ಆರಿಸಿ, ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಇವಳು ತನ್ನ ಕೈ ನೋಡಿಕೊಳ್ಳಬಾರದು, ಅವಳು ಮಗನ ಕೈ ನೋಡಬಾರದು. ವಾರಕ್ಕೊಮ್ಮೆ ಕೆಳಗಿನ ಮಹಡಿಗೆ ಇಬ್ಬರೂ ಹೋಗಬೇಕು. ತಪ್ಪಿದವರು ಒಂದು ತಿಂಗಳು ಪಾತ್ರೆ ತೊಳೆಯಬೇಕು.

ಭಾನುವಾರ ಬೆಳಿಗ್ಗೆ ಹುಡುಗನಿಗೆ ವ್ಯಾನಿಲ್ಲ. ಬ್ರೆಡ್ಡಿಗೆ ಜೇನು ಹಚ್ಚಿಕೊಂಡು ತಿನ್ನುತ್ತೇನೆಂದು ಹಳೆಯ ಜೇನಿನ ಬಾಟಲಿ ಹುಡುಕಿ ತಂದ. ಮುಚ್ಚಳ ತಿರುಗಿಸಿದ. ತಿರುಗಲಿಲ್ಲ. ಅಂಗಿಯ ಅಂಚಿನಿಂದ ಹಿಡಿದು ತಿರುಗಿಸಿದ, ತೊಡೆಯ ನಡುವೆ ಇಟ್ಟುಕೊಂಡು ತಿರುಗಿಸಿದ. ಮಾತಾಡುತ್ತಿದ್ದ ಅತ್ತಿಗೆ ಅರ್ಧ ಮಾತಿಗೆ ನಿಂತಳು. ಕಾಜಾ ಅಕ್ಕನ ಕೈಯಲ್ಲಿನ ಲೋಟ ಬಾಯಿಗೂ ಹೋಗದೆ ಮೇಜಿಗೂ ಇಳಿಯದೆ ನಿಂತಿತು.

"ಆಗ್ತಿಲ್ಲ" ಅಂದ ಹುಡುಗ. ತಲೆ ಎತ್ತಿದರೆ ಇಬ್ಬರೂ ಅವನ ಕೈಯನ್ನು ನುಂಗುವ ಹಾಗೆ ನೋಡುತ್ತಿದ್ದಾರೆ. "ಏನು? ಏನಾಯ್ತು ಇಬ್ಬರಿಗೂ?"

"ಇಲ್ಲಿ ಕೊಡು" ಎಂದು ಅತ್ತಿಗೆ ಬಾಟಲಿ ಕಸಿದುಕೊಂಡಳು. ಮುಖ ಕೆಂಪಾಗುವವರೆಗೂ ತಿರುಗಿಸಿದಳು. ಆಗಲಿಲ್ಲ. ಕಾಜಾ ಅಕ್ಕನ ಕೈಗೆ ಬಂತು. ಅವಳಿಗೂ ಆಗಲಿಲ್ಲ. ಹೆಬ್ಬೆರಳು ನೋಯಿತು, ಮುಚ್ಚಳ ಮಿಸುಕಲಿಲ್ಲ.

"ಮುಗೀತು" ಅಂದಳು ಅತ್ತಿಗೆ. "ಮೂವರಿಗೂ ಬಂದಿದೆ. ನಡೀರಿ, ಡಾಕ್ಟರಮ್ಮನ ಹತ್ರ ಒಂದೇ ಮಂಚದ ಮೇಲೆ ಮಲಗೋಣ."

ಕಾಜಾ ಅಕ್ಕನಿಗೆ ಎಲ್ಲಿತ್ತೋ ನಗು, ಬುಗ್ಗೆಯ ಹಾಗೆ ಬಂತು. ಅತ್ತಿಗೆಗೂ ಬಂತು. ಇಬ್ಬರೂ ಮೇಜು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಹುಡುಗ ನಗಲಿಲ್ಲ. ಅವನು ತನ್ನ ಬಲ ಅಂಗೈಯನ್ನು ಬಿಚ್ಚಿ, ಮುಚ್ಚಿ, ಮತ್ತೆ ಬಿಚ್ಚಿದ. ನೋಡುತ್ತಿದ್ದ ಹಾಗೆ ಅವರ ನಗು ಇಳಿಯಿತು. ಆ ಬಿಚ್ಚಿ ಮುಚ್ಚುವುದು ಕಾಜಾ ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಅದು ಹೊಸಬರ ಕೈ ಮಾಡುವ ಕೆಲಸವಲ್ಲ.

"ಸಿಗ್ನಲ್ಲಲ್ಲಿ ವ್ಯಾನ್ ನಿಲ್ಸಿದಾಗ ನಾನೂ ನೋಡ್ಕೋತೀನಿ ಅತ್ತೆ" ಅಂದ ಅವನು. "ಸ್ಟಿಯರಿಂಗ್ ಬಿಟ್ಟು, ಹೀಗೆ. ಹಿಂದೆ ಮಕ್ಕಳು ಕೂತಿರ್ತಾರಲ್ಲ."

ಅತ್ತಿಗೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಕಾಜಾ ಅಕ್ಕ ಮೇಜಿನ ಮೇಲಿಂದ ಕೈ ಚಾಚಿ ಅವನ ಕೈ ಹಿಡಿದಳು. ಹೆಬ್ಬೆರಳಿನ ಬುಡವನ್ನು ಒತ್ತಿ, ಮಾಂಸ ಎಷ್ಟಿದೆ ಎಂದು ನೋಡಿಬಿಡುವ ಆಸೆ ಬೆರಳ ತುದಿಯವರೆಗೂ ಬಂತು. ತಡೆದಳು. ಎದೆ ಹೊಡೆದುಕೊಳ್ಳತೊಡಗಿತು. ಸುಮ್ಮನೆ ಹಿಡಿದುಕೊಂಡಳು.

"ನಾಳಿದ್ದು ನಮ್ಮ ಜೊತೆ ಬಾ" ಅಂದಳು. "ಅಲ್ಲೊಬ್ಬರು ಇದ್ದಾರಂತೆ, ಇಂಥದ್ದನ್ನೆಲ್ಲ ಕೇಳಿಸ್ಕೊಳ್ಳೋಕೆ."

ಅವನು ತಲೆಯಾಡಿಸಿದ. ಆಮೇಲೆ ಹುಬ್ಬು ಗಂಟಿಕ್ಕಿದ. "ಅತ್ತೆ, ನಿಮ್ಮ ಕೈ ಅದುರ್ತಾ ಇದೆ."

"ಗೊತ್ತು" ಅಂದಳು ಕಾಜಾ ಅಕ್ಕ. ಕೈ ಬಿಡಿಸಿಕೊಳ್ಳಲಿಲ್ಲ. ಬಗ್ಗಿ ನೋಡಲೂ ಇಲ್ಲ.